ನಮ್ಮ ಭಾಗದ ಸಾಲಿ ಮಾಸ್ತರರು: ಮುಲ್ಕಿಯಿಂದ ಪೆನ್ಶನ್ ತನಕ, ಪೆನ್ಶನ್ ಆದ ಮೇಲೂ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘದ ಶೇರು, ಠೇವು, ಸಾಲ, ಲಾಭದ ಅಂಕಿ ಈ ಸಂಚಿಕೆಯಲ್ಲಿ ಬೇರೆ ಕಡೆ ಬಂದೇ ಬರತಾವ. ಚೇರಮನ್ನರ, ಸಂಚಾಲಕರ ಫೋಟೋ ಸಹಿತ ಬರತಾವ. ಆದರೆ ಆ ಅಂಕಿಗಳನ್ನು ಓದುವ, ಕೂಡಿಸಿ ನೋಡುವ, ತಾಳೆ ಆಗದಿದ್ದರೆ ಎದ್ದು ನಿಂತು ಕೇಳುವ ಬುದ್ಧಿಯನ್ನು ನಮ್ಮ ಹಳ್ಳಿಗಳಿಗೆ ಯಾರು ಕಲಿಸಿದರು? ಸಾಲಿ ಮಾಸ್ತರರು ಕಲಿಸಿದರು. ಅವರ ಫೋಟೋ ಯಾವ ಸಂಘದ ಗೋಡೆಯ ಮೇಲೂ ಸಿಗೂದು ಕಡಿಮೆ. ಅದಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮಾಸ್ತರರ ಜೀವನದ ಇತಿಹಾಸವನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಮುಲ್ಕಿ ಪಾಸಾದವರು

1956ರ ನವೆಂಬರ್ 1ರ ತನಕ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ನೂರೈವತ್ತು ವರ್ಷದ ಹಿಂದೆ ಈ ಭಾಗದ ಸರಕಾರಿ ಸಾಲಿಗಳಲ್ಲಿ ಮರಾಠಿಯದೇ ಜೋರು. ಕನ್ನಡ ಮಾತಾಡುವ ಮಕ್ಕಳಿಗೆ ಕನ್ನಡದಲ್ಲೇ ಕಲಿಸಬೇಕು ಎಂದು ಹಟ ಹಿಡಿದು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು (1833-1881). ಕನ್ನಡ ಸಾಲಿ ತೆರೆದರೆ ಸಾಲದು, ಕನ್ನಡದಲ್ಲಿ ಕಲಿಸುವ ಮಾಸ್ತರರೂ ಬೇಕು. ಆ ಮಾಸ್ತರರನ್ನು ತಯಾರು ಮಾಡಿದ್ದು ಧಾರವಾಡದ ಟ್ರೇನಿಂಗ್ ಕಾಲೇಜು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದ ಮೇಲೆ ಹಳ್ಳಿಯ ಸಾಲಿಗಳ ಆಡಳಿತ ಸ್ಥಳೀಯ ಮಂಡಳಿಗಳ ಕೈಗೆ ಬಂತು. ಇವತ್ತಿಗೂ ನಮ್ಮ ಹಿರಿಯರು ಹಳೇ ಸಾಲಿ ಕಟ್ಟಡಕ್ಕೆ ‘ಲೋಕಲ್ ಬೋರ್ಡ್ ಸಾಲಿ’ ಅಂತಾರ.

ಆಗ ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದ ಹುಡುಗ ಅಂದರೆ ಊರಿಗೇ ಸುದ್ದಿ. ಅವನಿಗೆ ಮಾಸ್ತರಿಕೆಯ ದಾರಿ ತೆರೀತಿತ್ತು. ಇದರಲ್ಲಿ ಒಂದು ದೊಡ್ಡ ಮಾತು ಅಡಗಿದೆ. ಅಲ್ಲಿತನಕ ಹಳ್ಳಿಯಲ್ಲಿ ಲೆಕ್ಕ ಪತ್ರ ಬರೆಯುವವರು ಕುಲಕರ್ಣಿಯವರು, ಅದು ವಂಶದಿಂದ ಬಂದ ವತನ. 1950ರಲ್ಲಿ ಮುಂಬಯಿ ಸರಕಾರ ಕಾಯ್ದೆ ಮಾಡಿ ಆ ವತನವನ್ನು ತೆಗೆದು ಹಾಕಿತು. ಆದರೆ ಅದಕ್ಕಿಂತ ಮೊದಲೇ ಮುಲ್ಕಿ ಪರೀಕ್ಷೆ ಒಂದು ಕೆಲಸ ಮಾಡಿತ್ತು. ಒಕ್ಕಲಿಗನ ಮಗ, ನೇಕಾರನ ಮಗ, ಕುರಿ ಕಾಯುವವನ ಮಗ ಕೂಡ ಪಾಸಾದರೆ ಮಾಸ್ತರ ಆಗಬಹುದಿತ್ತು. ಓದು ಬರಹ ಯಾರದೋ ಮನೆಯ ಆಸ್ತಿ ಅಲ್ಲ ಅಂತ ಊರು ಕಣ್ಣಾರೆ ಕಂಡದ್ದು ಮಾಸ್ತರರ ಮೂಲಕ.

ಸಂಸಾರ ಮತ್ತು ಬದ್ಲಿ

ಮಾಸ್ತರರ ಸಂಸಾರ ಅಂದರೆ ಬದ್ಲಿಯ ಸಂಸಾರ. ಹುಕ್ಕೇರಿ ಕಡೆಯವರಿಗೆ ಮೂಡಲಗಿ ಕಡೆ ನೌಕರಿ, ಗೋಕಾಕದವರಿಗೆ ಎಲ್ಲೋ ಗಡಿಯ ಹಳ್ಳಿ. ಘಟಪ್ರಭಾ ಇಲ್ಲವೆ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಇಳಿದು, ಟ್ರಂಕು ಹಾಸಿಗೆ ಚಕ್ಕಡಿಗೆ ಹೇರಿ ಮುಂದಿನ ದಾರಿ ಹಿಡೀಬೇಕು. ಊರಲ್ಲಿ ಬಾಡಿಗೆಗೆ ಮನಿ ಸಿಗೂದು ಕಠಿಣ. ಗೌಡರ ವಾಡೆಯ ಒಂದು ಪಡಸಾಲಿ, ಇಲ್ಲ ಗುಡಿಯ ಹಿಂದಿನ ಖೋಲಿ. ಬಹಳ ಊರುಗಳಲ್ಲಿ ಒಬ್ಬರೇ ಮಾಸ್ತರು, ನಾಲ್ಕು ಇಯತ್ತೆ. ಒಂದನೇ ಇಯತ್ತೆಯವರು ಮಗ್ಗಿ ಕೂಗಬೇಕು, ಎರಡನೆಯವರು ಪಾಟಿಯ ಮೇಲೆ ಬರೀಬೇಕು, ಉಳಿದ ಎರಡಕ್ಕೆ ಮಾಸ್ತರರು ಪಾಠ ಹೇಳಬೇಕು. ಇಂಥ ಏಕೋಪಾಧ್ಯಾಯ ಸಾಲಿಗಳಿಗೆ ಇನ್ನೊಬ್ಬ ಮಾಸ್ತರರನ್ನು ಕೊಡುವ ‘ಆಪರೇಶನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಬಂದದ್ದು 1987ರಲ್ಲಿ.

ಪಗಾರ ಸಣ್ಣದು. ಅದರಲ್ಲೇ ಅವ್ವ ಅಪ್ಪಗೆ ಮನಿಆರ್ಡರ್, ತಂಗೇರ ಲಗ್ನ, ಮಕ್ಕಳ ಓದು. ಮಾಸ್ತರರ ಮನೆಯವರ ಕಷ್ಟವನ್ನು ಯಾರೂ ಬರೆದಿಟ್ಟಿಲ್ಲ. ಹಾಲು, ಕಾಯಿಪಲ್ಲೆ ಊರವರು ಪ್ರೀತಿಯಿಂದ ಕೊಡತಿದ್ದರು ನಿಜ. ಆದರೆ ಕೊಟ್ಟವರ ಮಗನಿಗೂ ಕೊಡದವರ ಮಗನಿಗೂ ಒಂದೇ ಛಡಿ ಅನ್ನುವ ಮರ್ಯಾದೆ ಉಳಿಸಿಕೊಳ್ಳಬೇಕಾದರೆ ಮನೆಯವರು ಬಹಳ ಬಿಗಿಯಾಗಿ ಇರಬೇಕಾಗತಿತ್ತು.

ಈ ನಮೂನಿ ಮನೆಗಳ ಸುಖ ದುಃಖ ನಾಡಿಗೆಲ್ಲ ತಿಳಿದದ್ದು ನಮ್ಮ ಗೋಕಾಕದ ಒಬ್ಬ ಮಾಸ್ತರರಿಂದಲೇ. ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು (1911-1985) ಬೀಳಗಿಯವರು, ಆದರೆ ಮಾಸ್ತರಿಕೆ ಮಾಡಿ ಬಾಳಿದ್ದು ಗೋಕಾಕದಲ್ಲಿ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಲೇ ಕಾದಂಬರಿಯ ಮೇಲೆ ಕಾದಂಬರಿ ಬರೆದರು. ಅವರ ಕಥೆಗಳಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಅತ್ತೆ, ಸೊಸೆ, ಅಣ್ಣ, ತಮ್ಮ, ಒಡೆಯುವ ಮನಿ, ಅದನ್ನು ಕೂಡಿಸಿ ಹಿಡಿಯುವ ಒಂದು ಹೆಣ್ಣುಜೀವ. ಅವರ ಬರಹದಿಂದ ಬಂದ ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’ (1963), ‘ಸನಾದಿ ಅಪ್ಪಣ್ಣ’ (1977) ಸಿನಿಮಾಗಳನ್ನು ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡಿ ಬಂದವರು. ಮೂರರಲ್ಲೂ ನಾಯಕರು ಡಾ. ರಾಜಕುಮಾರ್. ‘ಸನಾದಿ ಅಪ್ಪಣ್ಣ’ಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಕಥೆಯ ಮೂಲ ಮಾತ್ರ ಗೋಕಾಕದ ಮಾಸ್ತರರ ಲೇಖನಿ.

ಪುರಾಣಿಕರು ಒಬ್ಬರೇ ಅಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’ ಅನ್ನುವ ಹೆಸರಿನಿಂದ ಬರೆದರು, ‘ಜಯಂತಿ’ ಮಾಸಪತ್ರಿಕೆ ನಡೆಸಿದರು, ಹಳ್ಳಿಯ ಹಾಡು ಕೂಡಿಸಿದರು. ಅವರೂ ಕೆಲಕಾಲ ಮಾಸ್ತರಿಕೆ ಮಾಡಿದವರು. ಈಗ ಮೂಡಲಗಿ ತಾಲೂಕಿಗೆ ಸೇರಿದ ಯಾದವಾಡದ ಕವಿ ಈಶ್ವರ ಸಣಕಲ್ಲರೂ ಮಾಸ್ತರರೇ. ಇವರಿಗೆ ನಾಡಿನಲ್ಲಿ ಹೆಸರು ಬಂತು. ಹೆಸರು ಬರದ ನೂರಾರು ಮಾಸ್ತರರು ಹಾಜರಿ ಪಟ್ಟಿಯಲ್ಲಿ ನಮ್ಮ ಹೆಸರು ಬರೆದೇ ಜೀವನ ಕಳೆದರು.

ಹೊಸ ಪೈಸೆ, ಹೊಸ ತೂಕ

ಮಾಸ್ತರರ ಕೆಲಸ ಸಾಲಿಯ ಬಾಗಿಲಿಗೆ ಮುಗೀತಿರಲಿಲ್ಲ. 1957ರ ಏಪ್ರಿಲ್ 1ಕ್ಕೆ ಸರಕಾರ ಹೊಸ ಪೈಸೆ ತಂದಿತು. ಅಲ್ಲಿತನಕ ರೂಪಾಯಿಗೆ 16 ಆಣೆ, ಈಗ ರೂಪಾಯಿಗೆ 100 ಪೈಸೆ. ನಾಲ್ಕಾಣೆಗೆ 25, ಎಂಟಾಣೆಗೆ 50, ಇದು ತಿಳೀತದ. ಆದರೆ ಒಂದಾಣೆ ಅಂದರೆ ಆರೂ ಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರೋದು? ಒಂದಾಣೆಯ ಸಾಮಾನನ್ನು ಮೂರು ಸಲ ತಂದರೆ 18 ಪೈಸೆ, ಮೂರಾಣೆಯ ಸಾಮಾನು ಒಮ್ಮೆಲೇ ತಂದರೆ 19 ಪೈಸೆ. ಇದೇನು ಮೋಸ ಅಂತ ಸಂತಿಯಲ್ಲಿ ಜಗಳ. ಆಗ ಸಾಲಿ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂತು ಕೋಷ್ಟಕ ಬರೆದು ತೋರಿಸಿ ಸಮಾಧಾನ ಮಾಡಿದವರು ಮಾಸ್ತರರು ಅಂತ ನಮ್ಮ ಹಿರಿಯರು ಹೇಳತಾರ.

ಮುಂದೆ 1958ರಿಂದ 1962ರ ಒಳಗೆ ಹಂತ ಹಂತವಾಗಿ ಕಿಲೋ, ಲೀಟರು ಬಂದವು. ಸೇರು ಅಂದರೆ 933 ಗ್ರಾಂ, 40 ಸೇರಿನ ಮಣ ಅಂದರೆ 37 ಕಿಲೋ ಚಿಲ್ಲರೆ. ಕಾಳು, ಬೆಲ್ಲ, ಹತ್ತಿ ಮಾರುವ ರೈತನಿಗೆ ಈ ಲೆಕ್ಕ ಬಾರದಿದ್ದರೆ ವರ್ಷದ ದುಡಿಮೆ ದಲಾಲನ ತಕ್ಕಡಿಯಲ್ಲಿ ಹೋದಂಗ. ಮಕ್ಕಳಿಗೆ ಹಗಲು ಕಲಿಸಿದ ಪಾಠವನ್ನೇ ಅವರ ಅಪ್ಪಂದಿರಿಗೆ ರಾತ್ರಿ ಕಲಿಸಬೇಕಾಯಿತು. ಖಾನೇಶುಮಾರಿ ಬಂದರೆ ಮನಿ ಮನಿ ತಿರುಗಿ ತಲೆ ಎಣಿಸುವವರೂ ಮಾಸ್ತರರೇ, ಚುನಾವಣೆ ಬಂದರೆ ಮತಪೆಟ್ಟಿಗೆ ಹೊತ್ತು ಹೋಗುವವರೂ ಮಾಸ್ತರರೇ.

ನೀರಿನ ಕಥೆಯೂ ಇದೆ. ಘಟಪ್ರಭಾ ನದಿಗೆ ಹಿಡಕಲ್ಲಿನಲ್ಲಿ ಕಟ್ಟಿದ ಆಣೆಕಟ್ಟು 1977ರಲ್ಲಿ ಮುಗಿಯಿತು. ನಮ್ಮ ಹೊಲಗಳಿಗೆ ನೀರು ಬಂದು ಕಬ್ಬು, ಗೊಂಜಾಳ, ಅರಿಷಿಣ ಬೆಳೆದೆವು. ಆದರೆ ಹುಕ್ಕೇರಿ ತಾಲೂಕಿನ ಹಳ್ಳಿಗಳು ಮುಳುಗಿದವು, ಅವುಗಳ ಸಾಲಿಗಳೂ ಮುಳುಗಿದವು. ಪರಿಹಾರದ ಅರ್ಜಿ ಬರೆದುಕೊಡಿ, ನೋಟೀಸು ಓದಿ ಹೇಳ್ರಿ ಅಂತ ಜನ ಹೋಗಿ ನಿಂತದ್ದು ಮಾಸ್ತರರ ಮನಿ ಮುಂದೆ. ನಮ್ಮ ಹಸಿರಿನ ಹಿಂದೆ ಅವರ ಊರು ಇದೆ ಅನ್ನುವುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸರಿಯಲ್ಲ.

ಸಹಕಾರ ಮತ್ತು ಮಾಸ್ತರರು

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದು ದೇಶದಲ್ಲೇ ಮೊದಲಿನದು ಎಂದು ಹೆಸರಾಗಿದೆ. ಆ ಬೀಜ ನಮ್ಮ ಭಾಗಕ್ಕೂ ಬಂದು ಮರವಾಯಿತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಕರೆಂಟು ಬಳಸುವವರೇ ಸದಸ್ಯರು. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ ಎದ್ದಿತು.

ಸಂಘ ಕಟ್ಟುವುದಕ್ಕೆ ಗೌಡರ ಧೈರ್ಯ ಬೇಕು, ನಡೆಸುವುದಕ್ಕೆ ಬರೆಯುವ ಕೈ ಬೇಕು. ಮೊದಲಿನ ಕಾಲದಲ್ಲಿ ಬಹಳ ಹಳ್ಳಿಗಳಲ್ಲಿ ಆ ಕೈ ಮಾಸ್ತರರದಾಗಿತ್ತು. ಕೀರ್ದಿ, ಖಾತೆ, ಠರಾವು ಪುಸ್ತಕ ಎಲ್ಲ ಅವರ ದುಂಡನೆಯ ಅಕ್ಷರದಲ್ಲಿ. ಅದಕ್ಕಿಂತ ದೊಡ್ಡ ಉಪಕಾರ ಬಡ್ಡಿಯ ಲೆಕ್ಕ ಬಿಡಿಸಿ ಹೇಳಿದ್ದು. ಸಾಹುಕಾರ ‘ನೂರಕ್ಕೆ ಎರಡು ರೂಪಾಯಿ’ ಅಂದರೆ ಸಣ್ಣದು ಅನಿಸತದ. ಅದು ತಿಂಗಳಿಗೆ ಎರಡು. ವರ್ಷಕ್ಕೆ ಶೇಕಡಾ 24. ಹತ್ತು ಸಾವಿರ ತಂದವನು ವರ್ಷಕ್ಕೆ 2,400 ರೂಪಾಯಿ ಬರೀ ಬಡ್ಡಿ ಕಟ್ಟಬೇಕು. ಸಂಘದಲ್ಲಿ ಶೇಕಡಾ 12 ಇದ್ದರೆ 1,200. ಈ ಎರಡು ಅಂಕಿ ಪಾಟಿಯ ಮೇಲೆ ಮೇಲೆ ಕೆಳಗೆ ಬರೆದು ತೋರಿಸಿದರೆ ಸಾಕು, ಸಹಕಾರದ ಭಾಷಣ ಬೇಕಾಗಿಲ್ಲ.

ಪೆನ್ಶನ್ ಆದ ಮೇಲಿನ ನೌಕರಿ

ನೌಕರಿಯಲ್ಲಿ ಇರುವ ತನಕ ಮಾಸ್ತರರು ಸರಕಾರದವರು, ಪೆನ್ಶನ್ ಆದ ಮೇಲೆ ಊರವರು. ಆಮೇಲೆ ಅವರಿಗೆ ಎರಡನೇ ನೌಕರಿ ಶುರುವಾಗತದ. ಅದಕ್ಕೆ ಪಗಾರ ಇಲ್ಲ, ಸೂಟಿಯೂ ಇಲ್ಲ. ಲಗ್ನಪತ್ರಿಕೆ ಬರೆಯುವುದು, ಅಣ್ಣ ತಮ್ಮಂದಿರ ವಾಟ್ನಿಗೆ ಕೂಡುವುದು, ಉತಾರ ಓದಿ ಹೇಳುವುದು, ಬ್ಯಾಂಕಿನ ಸ್ಲಿಪ್ ತುಂಬುವುದು.

ನಮ್ಮ ಸಂಘದ ಮೊದಲಿನ ವರ್ಷಗಳಲ್ಲಿ ಇಂಥ ಒಬ್ಬ ಹಿರಿಯರು ಸಭೆಗೆ ತಪ್ಪದೆ ಬರತಿದ್ದರು. ಹುಕ್ಕೇರಿ ಕಡೆಯವರು, ಬದ್ಲಿಯಾಗುತ್ತ ಬಂದು ಇಲ್ಲೇ ನೆಲೆ ನಿಂತವರು. ಮಕ್ಕಳ ಓದು, ಲಗ್ನ ಎಲ್ಲ ಮುಗಿಸಿ, ಎರಡು ಎಕರೆ ಹೊಲ ನೋಡಿಕೊಂಡು, ಮೊಮ್ಮಕ್ಕಳಿಗೆ ಮಗ್ಗಿ ಕಲಿಸಿಕೊಂಡು ಇದ್ದರು. ವಾರ್ಷಿಕ ಸಭೆಯಲ್ಲಿ ಜಮಾ ಖರ್ಚಿನ ಪತ್ರಿಕೆ ಹಂಚಿ ‘ಮಂಜೂರ ಐತೇನ್ರಿ?’ ಅಂತ ಕೇಳಿದ ಕೂಡಲೆ ಎಲ್ಲರೂ ಕೈ ಎತ್ತುವುದು ರೂಢಿ. ಅವರು ಮಾತ್ರ ಚಾಳೀಸು ಏರಿಸಿ ಎದ್ದು ನಿಲ್ಲತಿದ್ದರು.

‘ಮೊದಲ ಓದಿ ಹೇಳ್ರಿ. ಕೈ ಎತ್ತೂದು ಆಮ್ಯಾಲ.’

ಕೆಲವರಿಗೆ ಬೇಜಾರು. ಊಟಕ್ಕೆ ಹೊತ್ತಾಗತದ ಅನ್ನುವವರೂ ಇದ್ದರು. ಅವರು ಸಿಟ್ಟಿಗೇಳತಿರಲಿಲ್ಲ. ‘ಹೆಬ್ಬೆಟ್ಟು ಒತ್ತಾವಗ ಕಿವಿ ಅದಾವಲ್ಲಪಾ, ಅವಂಗೂ ಒಂದ ವೋಟ ಐತಿ’ ಅಂತಿದ್ದರು. ಸಹಕಾರದ ಕಾಯ್ದೆಯ ತಿರುಳೇ ಇದು. ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಒಂದೊಂದೇ ಬಾಬು ಕನ್ನಡದಲ್ಲಿ ಓದಿ ಹೇಳಿದಾಗ, ಸಹಿ ಬಾರದ ಹೆಣ್ಣುಮಕ್ಕಳೂ ಕಟಬಾಕಿ ಯಾಕೆ ಏರಿತು ಅಂತ ಕೇಳಲು ಕಲಿತರು. ನಮ್ಮ ಸಂಘ 25 ವರ್ಷ ಬಾಳಿದ್ದಕ್ಕೆ ಹಲವು ಕಾರಣ ಹೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಓದಿ ಹೇಳುವ ಪದ್ಧತಿ ಅದರಲ್ಲಿ ಮೊದಲಿನದು.

ಮುಂದೆ ಯಾರು?

ಈಗ ಕಾಲ ಬದಲಾಗಿದೆ. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಇವತ್ತಿನ ಮಾಸ್ತರರು, ಅಕ್ಕೋರು ಬಹಳ ಕಲಿತವರು. ಆದರೆ ಮಕ್ಕಳ ಓದಿಗಾಗಿ ಬಹಳ ಜನ ತಾಲೂಕಿನ ಊರಲ್ಲಿ ಮನಿ ಮಾಡಿದ್ದಾರೆ. ಮುಂಜಾನೆ ಗಾಡಿ ಮೇಲೆ ಬಂದು ಸಂಜೆ ಹೋಗತಾರ. 2006ರ ಏಪ್ರಿಲ್ 1ರ ನಂತರ ಸರಕಾರಿ ನೌಕರಿಗೆ ಸೇರಿದವರಿಗೆ ಹಳೇ ಪೆನ್ಶನ್ ಪದ್ಧತಿ ಸಿಗದೆ ಹೊಸ ಪದ್ಧತಿ ಬಂತು. ಪ್ರತಿ ತಿಂಗಳ ಪಗಾರದಲ್ಲಿ ಕಡಿತ, ಕೊನೆಗೆ ಕೈಗೆ ಎಷ್ಟು ಬರುವುದೋ ಪೇಟೆಯ ಏರಿಳಿತಕ್ಕೆ ಬಿಟ್ಟದ್ದು. ಹಳೇ ಮಾಸ್ತರರು ಪೆನ್ಶನ್ ಆದ ಮೇಲೆ ಯಾರ ಮುಲಾಜೂ ಇಲ್ಲದೆ ಎದ್ದು ನಿಂತು ಕೇಳುತ್ತಿದ್ದರು. ಆ ಧೈರ್ಯದ ಹಿಂದೆ ತಿಂಗಳು ತಿಂಗಳು ತಪ್ಪದೆ ಬರುವ ಆ ಸಣ್ಣ ಪೆನ್ಶನ್ನೂ ಇತ್ತು. ಸಾಹುಕಾರನ ಸಾಲ ಇಲ್ಲದವನಿಗೆ ಮಾತ್ರ ಬಾಯಿ ಇರತದ.

ಆದ್ದರಿಂದ ಆ ಎರಡನೇ ನೌಕರಿಯನ್ನು ಇನ್ನು ಮುಂದೆ ನಾವೇ ಹಂಚಿಕೊಂಡು ಮಾಡಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ಎಸ್.ಎಸ್.ಎಲ್.ಸಿ., ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಈಗ ಮನಿಗೊಬ್ಬರು ಇದ್ದಾರೆ. ಮುಲ್ಕಿ ಪಾಸಾದ ಒಬ್ಬರೇ ಇಡೀ ಊರಿನ ಲೆಕ್ಕ ನೋಡಿದರೆ, ಇಷ್ಟು ಜನ ಕಲಿತವರು ಒಂದು ಸಂಘದ ಲೆಕ್ಕ ನೋಡಲಾರೆವೆ?

ಬೆಳ್ಳಿಹಬ್ಬದ ನೆನಪಿಗೆ ಕಲ್ಲು ಹಾಕಿಸೋಣ, ಸನ್ಮಾನ ಮಾಡೋಣ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ನಮ್ಮದೊಂದು ವಿನಂತಿ. ಜಮಾ ಖರ್ಚನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳದೆ ಸಭೆಯಲ್ಲಿ ಕೈ ಎತ್ತಿಸಬಾರದು ಎಂದು ಈ ವರ್ಷದ ವಾರ್ಷಿಕ ಸಭೆಯಲ್ಲಿ ಒಂದು ಠರಾವು ಪಾಸು ಮಾಡಿ ಪುಸ್ತಕದಲ್ಲಿ ಬರೆಸೋಣ. ಠರಾವು ಮಂಡಿಸಲು ನಾವು ತಯಾರಿದ್ದೇವೆ. ಅನುಮೋದಿಸುವವರು ಸದಸ್ಯ ಬಾಂಧವರಲ್ಲಿ ಯಾರಾದರೂ ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇವೆ.