ಬಾಣಂತಿಯ ಎದೆಯುಡುಪು: ಹುಬ್ಬಳ್ಳಿ–ಧಾರವಾಡ

ಹುಬ್ಬಳ್ಳಿ–ಧಾರವಾಡದಲ್ಲಿ ಹಾಲುಣಿಸುವ ತಾಯಂದಿರ ಎದೆಯುಡುಪು ಗಂಟು ಕಟ್ಟುವ ಕುಬಸದಿಂದ ಹುಕ್ಕಿನ ಜಂಪರಿಗೆ, ಅದರೊಳಗಿನ ‘ಬಾಡಿ’ಗೆ, ಈಚೆಗೆ ಫೀಡಿಂಗ್ ಬ್ರಾ ಮತ್ತು ಪಂಪಿಂಗ್ ಬ್ರಾಗೆ ಬಂದು ನಿಂತಿದೆ.

ಈ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಜೊತೆಗೆ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿದ ಕುಬಸ ತೊಡುತ್ತಿದ್ದರು. ತೋಳು ಬಿಗಿ, ಬೆನ್ನು ಮುಚ್ಚಿದ್ದು. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಎಳೆದು ಗಂಟು ಹಾಕಿದರೆ ಮುಗಿಯಿತು. ಕೂಸು ಅತ್ತಾಗ ಗಂಟು ಬಿಚ್ಚಿ, ಸೆರಗು ಮರೆ ಮಾಡಿ ಹಾಲು ಕುಡಿಸುತ್ತಿದ್ದರು. ಹಾಲು ತುಂಬಿ ಎದೆ ಬಿಗಿದಾಗ ಗಂಟು ಸಡಿಲ ಮಾಡಬಹುದಿತ್ತು, ಇಳಿದಾಗ ಬಿಗಿಯಬಹುದಿತ್ತು. ಭಾರಕ್ಕೆ ಆಸರೆ ಕಡಿಮೆಯಾದರೂ, ದಿನದಿನಕ್ಕೂ ಅಳತೆ ಬದಲಾಗುವ ಮೈಗೆ ಇಷ್ಟು ಚೆನ್ನಾಗಿ ಒಗ್ಗುವ ಹೊಲಿಗೆ ಅಪರೂಪ. ಬಸುರಿಗೆ ಸೀರೆ, ಖಣ ಕೊಟ್ಟು ಉಡಿ ತುಂಬುವ ಸೀಮಂತವನ್ನು ಇಲ್ಲಿ ಇಂದಿಗೂ ಕುಬಸದ ಕಾರ್ಯ ಎಂದೇ ಕರೆಯುತ್ತಾರೆ.

1956ರವರೆಗೆ ಮುಂಬೈ ಆಡಳಿತಕ್ಕೆ ಒಳಪಟ್ಟಿದ್ದ ಈ ಊರುಗಳಲ್ಲಿ ಜಂಪರು, ಪೋಲಕಗಳು ಬಳಕೆಗೆ ಬಂದವು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ನಿನಿಂದ ಹೊಲಿದ ಬ್ರಾಗೆ 1914ರಲ್ಲಿ ಪೇಟೆಂಟ್ ಪಡೆದಿದ್ದರು. ಎ, ಬಿ, ಸಿ ಎಂಬ ಕಪ್ ಅಳತೆ ಬಂದದ್ದು 1930ರ ದಶಕದಲ್ಲಿ. ಆ ಬ್ರಾದ ಸಂತತಿಯೇ ಇಲ್ಲಿ ಜಂಪರಿನೊಳಗೆ ಬಂದ, ಹಿರಿಯರು ಹೇಳುವ ‘ಬಾಡಿ’. ಜಂಪರಿನ ಹುಕ್ಕು ಮುಂದೆಯೇ ಉಳಿಯಿತು, ಬಾಡಿಯ ಹುಕ್ಕು ಬೆನ್ನಿಗೆ ಹೋಯಿತು. ಬಾಣಂತಿಯ ತೊಂದರೆ ಶುರುವಾದದ್ದು ಇಲ್ಲಿಂದ. ಹಾಲು ಕುಡಿಸಲು ಬಾಡಿಯನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದರೆ ಅದರ ಪಟ್ಟಿ ಎದೆಯ ಮೇಲ್ಭಾಗವನ್ನು ಒತ್ತಿಹಿಡಿಯುತ್ತದೆ. ಹಾಗೆ ಒತ್ತಿದಲ್ಲಿ ಹಾಲು ಕಟ್ಟಿಕೊಂಡು ಗಡ್ಡೆಯಾಗಬಹುದು. ಕೆಲವರಿಗೆ ಕೆಂಪೇರಿ, ಚಳಿಜ್ವರ ಬಂದು ಬಾವು ಆಗುವುದೂ ಉಂಟು. ತವರಿನ ಬಾಣಂತಿ ಕೋಣೆಯಲ್ಲಿ ಎಣ್ಣೆ, ಎರೆಯುವುದು, ಕಾಸಿಕೊಳ್ಳುವುದರ ನಡುವೆ ಬಾಡಿಯನ್ನು ಬಿಟ್ಟೇಬಿಡುವುದು ಅನೇಕರ ರೂಢಿ. ಆ ದಿನಗಳಿಗೆ ಅದು ತಪ್ಪೇನಲ್ಲ. ಆಮೇಲೆ ಬಂದ, ಎದೆಯ ಎರಡೂ ಬದಿಗೆ ಉದ್ದುದ್ದ ಚೈನಿರುವ ನೈಟಿ ಕುಬಸದ ಸೌಕರ್ಯವನ್ನು ಅಷ್ಟರಮಟ್ಟಿಗೆ ಮರಳಿ ತಂದಿತು.

ಆದರೆ ಶಾಲೆ, ಬ್ಯಾಂಕು, ವಿಶ್ವವಿದ್ಯಾಲಯ, ರೈಲ್ವೆ ಕಚೇರಿಗಳಿಗೆ ಹೋಗುವ ತಾಯಿಗೆ ನೈಟಿ ಒದಗದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೊಟ್ಟಿತು. 2017ರ ತಿದ್ದುಪಡಿ ಮೊದಲೆರಡು ಹೆರಿಗೆಗಳಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಕೂಸು ಮನೆಯಲ್ಲೇ ಉಳಿದರೆ ಹಾಲು ಹಿಂಡಿ ಇಡಬೇಕು. ಹಾಲು ಹೀರುವ ಯಂತ್ರಕ್ಕೆ ಅಮೆರಿಕದಲ್ಲಿ 1854ರಲ್ಲೇ ಪೇಟೆಂಟ್ ಸಿಕ್ಕಿತ್ತು. ವಿದ್ಯುತ್ ಪಂಪು ಮನೆಬಳಕೆಗೆ ಇಳಿದದ್ದು 1990ರ ದಶಕದಲ್ಲಿ.  ದಿನ ತುಂಬದೆ ಹುಟ್ಟಿದ ಶಿಶುವಿಗೆ ತಾಯಿ ಕೈಯಿಂದ ಹಿಂಡಿದ ಹಾಲನ್ನು ಒಳಲೆಯಲ್ಲೋ ಚಮಚದಲ್ಲೋ ಕುಡಿಸುವುದು ಪಂಪಿಗಿಂತ ಹಳೆಯ ಕ್ರಮ, ಈಗಲೂ ನಂಬಬಹುದಾದ್ದು.

ಫೀಡಿಂಗ್ ಬ್ರಾದ ಹೆಗ್ಗಳಿಕೆ ಭುಜದ ಪಟ್ಟಿಯ ಬುಡದಲ್ಲಿರುವ ಕೊಂಡಿ. ಒಂದು ಕೈಯಲ್ಲಿ ಕೂಸಿರುವಾಗ ಇನ್ನೊಂದು ಕೈಯಿಂದಲೇ ಅದನ್ನು ಬಿಚ್ಚಿ ಕಪ್ಪನ್ನು ಕೆಳಗಿಳಿಸುವಂತಿರಬೇಕು. ಅಂಗಡಿಯಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಇದನ್ನೇ. ಪಂಪಿಂಗ್ ಬ್ರಾದಲ್ಲಿ ಕಪ್ಪಿನ ನಡುವೆ ಸೀಳು ಇರುತ್ತದೆ. ಪಂಪಿನ ಆಲಿಕೆಯನ್ನು ಅದು ಹಿಡಿದಿಟ್ಟುಕೊಳ್ಳುವುದರಿಂದ ಎರಡೂ ಕೈ ಖಾಲಿ. ಆಲಿಕೆ ತೊಟ್ಟಿನ ಅಳತೆಗೆ ಸರಿಹೋಗದಿದ್ದರೆ ಮಾತ್ರ ಎಂಥ ಬ್ರಾ ಇದ್ದರೂ ನೋವು ತಪ್ಪದು.

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ‘36 ಕೊಡ್ರಿ’ ಎಂದಷ್ಟೇ ತಗ್ಗಿದ ದನಿಯಲ್ಲಿ ಕೇಳಿ, ಪೊಟ್ಟಣ ಕಟ್ಟಿಸಿಕೊಂಡು ಬರುವ ಸಂಕೋಚ ಇನ್ನೂ ಹೋಗಿಲ್ಲ. ಆ 36 ಬಸುರಿಗಿಂತ ಮುಂಚಿನ ಅಳತೆ. ಹೆರಿಗೆಯಾದ ಎರಡರಿಂದ ಐದು ದಿನಗಳಲ್ಲಿ ಹಾಲು ಇಳಿದು ಎದೆ ಉಬ್ಬುತ್ತದೆ, ಕೆಲವು ವಾರಗಳಲ್ಲಿ ಒಂದು ಹದಕ್ಕೆ ಬರುತ್ತದೆ. ಆದ್ದರಿಂದ ಮೊದಲಿಗೆ ಹಿಗ್ಗುವ, ತಂತಿಯಿಲ್ಲದ ಒಂದೆರಡನ್ನು ಕೊಂಡು, ಉಳಿದವನ್ನು ಆಮೇಲೆ ಅಳೆದು ಕೊಳ್ಳುವುದು ಲೇಸು. ಎದೆಯ ಕೆಳಗೆ ಸುತ್ತಳತೆ ತೆಗೆದು ಪಟ್ಟಿಯನ್ನೂ, ತುಂಬಿದ ಭಾಗದಲ್ಲಿ ಅಳೆದು ಕಪ್ಪನ್ನೂ ಆರಿಸಬೇಕು. ಪಟ್ಟಿಯೊಳಗೆ ಎರಡು ಬೆರಳು ಆಡಬೇಕು; ಕಳಚಿದಾಗ ಚರ್ಮದ ಮೇಲೆ ಕೆಂಪು ಗೆರೆ ಆಳವಾಗಿ ಮೂಡಿದ್ದರೆ ಅದು ಬೇಡ. ಬೆಂಗಳೂರಿನ ಒಳಉಡುಪು ಕಂಪನಿ ಝಿವಾಮೆ 2011ರಲ್ಲಿ ಆನ್‌ಲೈನ್ ಮಾರಾಟ ಶುರುಮಾಡಿದ ಮೇಲೆ ಅಳತೆಯ ಕೋಷ್ಟಕವನ್ನು ಮನೆಯಲ್ಲೇ ಕೂತು ನೋಡಿ ತರಿಸುವುದೂ ಸಾಧ್ಯವಾಗಿದೆ.

ಹುಬ್ಬಳ್ಳಿಯ ಬೇಸಿಗೆಗೆ ಹತ್ತಿಯೇ ಹಿತ. ಧಾರವಾಡದ ಜಡಿಮಳೆಯಲ್ಲಿ ಬಟ್ಟೆ ಬೇಗ ಒಣಗದ ಕಾರಣ ಮೂರು ಬ್ರಾ ಆದರೂ ಇರಬೇಕು. ಸೋರುವ ಹಾಲಿಗೆ ಹಳೆಯ ಹತ್ತಿ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಒಳಗಿಡುವುದು ಅಂಗಡಿಯ ಪ್ಯಾಡಿಗಿಂತ ಕಡಿಮೆಯದಲ್ಲ. ಒದ್ದೆಯಾದ ಕೂಡಲೇ ಬದಲಿಸಬೇಕು, ಇಲ್ಲವಾದರೆ ತೊಟ್ಟಿಗೆ ಶಿಲೀಂಧ್ರದ ಸೋಂಕು ತಗಲಬಹುದು.