ಕೀಲೆಣ್ಣೆಯಿಂದ ಇಂಜಿನ್ ಆಯಿಲಿನವರೆಗೆ

ಊರಿನಲ್ಲಿ ಎತ್ತಿನಗಾಡಿ ಕಂಡವರಿಗೆಲ್ಲ ಕೀಲೆಣ್ಣೆಯ ನೆನಪಿರುತ್ತದೆ. ಗಾಲಿಯ ಅಚ್ಚಿಗೆ ದಪ್ಪಗೆ ಬಳಿಯುತ್ತಿದ್ದ ಕಪ್ಪು ಜಿಡ್ಡು ಅದು. ಗಾಡಿಯದು ನಿಧಾನದ ನಡಿಗೆ. ಎಣ್ಣೆ ಅಂಟಿಕೊಂಡು ನಿಂತರೆ ಸಾಕಿತ್ತು, ಹರಿಯಬೇಕಿರಲಿಲ್ಲ. ರೈಲು, ಮೋಟಾರು ಬಂದ ಮೇಲೆ ಆ ಲೆಕ್ಕ ಬದಲಾಯಿತು. ಟ್ಯಾಕ್ಸಿ, ಬಸ್, ಡೆಲಿವರಿ ಬೈಕುಗಳನ್ನು ನಂಬಿ ದುಡಿಯುವ ನಮ್ಮವರು ಈ ಕಥೆ ತಿಳಿದಿರುವುದು ಒಳ್ಳೆಯದು.

1883ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಬೀಚಮ್ ಟವರ್ ರೈಲಿನ ಅಚ್ಚಿನ ಬೇರಿಂಗ್ ಕುರಿತ ತಮ್ಮ ಪ್ರಯೋಗಗಳ ವರದಿ ಕೊಟ್ಟರು. ಎಣ್ಣೆಯಲ್ಲಿ ಅದ್ದಿ ತಿರುಗುವ ಅಚ್ಚಿನ ಮೇಲಿದ್ದ ಬೇರಿಂಗಿಗೆ ತೂತು ಕೊರೆದಾಗ ಎಣ್ಣೆ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಬಡಿದರೆ ಅದನ್ನೂ ಹೊರತಳ್ಳಿತು. ಅಳೆದು ನೋಡಿದರೆ ಒತ್ತಡ ಚದರ ಇಂಚಿಗೆ 200 ಪೌಂಡ್ ದಾಟಿತ್ತು! ಇದರ ಗುಟ್ಟನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬಿಡಿಸಿದರು. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಎಳೆದು ಕಿರಿದಾಗುವ ಸಂದಿಗೆ ನುಗ್ಗಿಸುತ್ತದೆ. ಅಲ್ಲಿ ಹುಟ್ಟುವ ಒತ್ತಡ ಎರಡು ಲೋಹಗಳನ್ನು ಬೇರ್ಪಡಿಸಿ ಹಿಡಿಯುತ್ತದೆ. ಅಂದರೆ ರಕ್ಷಣೆಯ ಪದರವನ್ನು ಕಟ್ಟುವುದು ವೇಗವೇ. ತೀರಾ ಕಡಿಮೆ ವೇಗದಲ್ಲಿ ಉಜ್ಜಾಟ ಹೆಚ್ಚು, ವೇಗ ಏರಿದಂತೆ ಅದು ಇಳಿಯುತ್ತದೆ, ಪದರ ಪೂರ್ತಿ ಕೂಡಿದ ಮೇಲೆ ಮತ್ತೆ ಮೆಲ್ಲಗೆ ಏರುತ್ತದೆ ಎಂದು ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ತೋರಿಸಿದರು.

ನಮ್ಮ ನಾಡಿನಲ್ಲಿ ಈ ಪಾಠ ಕಲಿಸಿದ್ದು ಮೈಸೂರಿನ ಬೈಕು. 1961ರಲ್ಲಿ ಬೈಕು ತಯಾರಿಸತೊಡಗಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ, ಆಮೇಲೆ ಬಂದ ಯೆಜ್ಡಿ, ಎರಡೂ ಟೂ-ಸ್ಟ್ರೋಕ್. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕಿತ್ತು, ಲೀಟರಿಗೆ ಸುಮಾರು 40ರಿಂದ 50 ಮಿ.ಲೀ. ಔಷಧಿ ಅಳೆಯುವ ನನ್ನಂಥವರಿಗೆ ಇದು ಡೋಸ್ ಇದ್ದಂತೆ. ಆದರೆ ಅಳತೆ ಸರಿಯಿದ್ದರೂ ಹೊತ್ತು ತಪ್ಪುವ ಜಾಗವೊಂದಿತ್ತು. ಚಾರ್ಮಾಡಿ ಘಟ್ಟದಂಥ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ಮಾತ್ರ ತೊಟ್ಟು ತೊಟ್ಟಾಗಿ ಬರುತ್ತದೆ. ಪೆಟ್ರೋಲ್ ಇಲ್ಲದಿದ್ದರೆ ಎಣ್ಣೆಯೂ ಇಲ್ಲ. ಪಿಸ್ಟನ್ ಒಣಗಿ ಇಂಜಿನ್ ಸೀಜ್ ಆಗುವ ಅಪಾಯ ಅಲ್ಲೇ. ತಿಳಿದವರು ನಡುನಡುವೆ ಆಕ್ಸಿಲರೇಟರ್ ತಿರುವಿ ಎಣ್ಣೆ ಕುಡಿಸುತ್ತಿದ್ದರು.

ಜಪಾನಿನ ಯಮಹಾ 1964ರಲ್ಲಿ ತಂದ ಆಟೋಲ್ಯೂಬ್ ಇದಕ್ಕೆ ಮದ್ದಾಯಿತು. ಇಂಜಿನ್ನೇ ತಿರುಗಿಸುವ ಪಂಪು, ಅದಕ್ಕೆ ಆಕ್ಸಿಲರೇಟರ್ ಕೇಬಲ್ಲಿನ ಹಿಡಿತ. ಎಣ್ಣೆಗೆ ಬೇರೆ ಟ್ಯಾಂಕು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಿರುಗುವಷ್ಟು ಹೊತ್ತು ಸ್ವಲ್ಪವಾದರೂ ಎಣ್ಣೆ ಹೋಗುತ್ತದೆ. 1985ರಲ್ಲಿ ಭಾರತಕ್ಕೆ ಬಂದ ಆರ್‌ಎಕ್ಸ್ 100 ಬೈಕಿನಲ್ಲಿದ್ದುದು ಇದೇ.

ಇಂದಿನ ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲೂ ಸಾಮಾನ್ಯವಾಗಿ ಪಂಪನ್ನು ತಿರುಗಿಸುವುದು ಇಂಜಿನ್ನೇ. ವೇಗ ಹೆಚ್ಚಿದರೆ ಎಣ್ಣೆ ಹೆಚ್ಚು. ಒತ್ತಡ ಮಿತಿ ಮೀರಿದರೆ ಒಂದು ವಾಲ್ವ್ ತೆರೆದು ಹೆಚ್ಚಿನದನ್ನು ಹಿಂದಕ್ಕೆ ಬಿಡುತ್ತದೆ. ಆದ್ದರಿಂದ ಎಣ್ಣೆಯ ಒತ್ತಡ ತೀರಾ ಕಡಿಮೆಯಿರುವುದು ಬಿಸಿ ಇಂಜಿನ್ ನಿಧಾನವಾಗಿ ತಿರುಗುವಾಗ. ಅಲ್ ನಹ್ದಾದ ಬೇಸಿಗೆ ಮಧ್ಯಾಹ್ನ ಎ.ಸಿ. ಹಾಕಿಕೊಂಡು ನಿಂತ ಗಾಡಿಯ ಸ್ಥಿತಿ ಇದೇ: ಎಣ್ಣೆ ತೆಳು, ಪಂಪು ನಿಧಾನ. ಕಿಲೋಮೀಟರ್ ಮೀಟರಿಗೆ ಈ ದುಡಿಮೆ ಕಾಣುವುದೇ ಇಲ್ಲ. ಹೆಚ್ಚು ಹೊತ್ತು ನಿಂತಲ್ಲೇ ಓಡುವ ಗಾಡಿಗೆ ಆಯಿಲ್ ಬೇಗ ಬದಲಿಸಬೇಕು. ಅದಕ್ಕೆ ಹೇಳಿದ ಗ್ರೇಡಿನದ್ದನ್ನೇ ಹಾಕಬೇಕು. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬಾರದು. ಎಣ್ಣೆ ಎಲ್ಲ ಕಡೆ ತಲುಪಲು ಕೆಲವು ಸೆಕೆಂಡು ಬೇಕು. ಭಾರ ಹೊತ್ತಾಗ ಮೇಲಿನ ಗೇರಿನಲ್ಲಿ ಇಂಜಿನ್ನನ್ನು ಏದುಸಿರು ಬಿಡಿಸಬಾರದು. ಓಡುವಾಗ ಕೆಂಪು ಆಯಿಲ್ ದೀಪ ಹತ್ತಿದರೆ ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಿಬಿಡಿ. ಮುಂದಿನ ಗ್ಯಾರೇಜ್‌ವರೆಗೆ ಎಂದು ಎಳೆಯಬೇಡಿ. ಒಂದು ಆಯಿಲ್ ಚೇಂಜಿನ ದುಡ್ಡು ಉಳಿಸಲು ಹೋಗಿ ಇಂಜಿನ್ ಕಳೆದುಕೊಂಡರೆ, ಊರಿಗೆ ಕಳಿಸಬೇಕಾದ ತಿಂಗಳ ಹಣವೇ ಗ್ಯಾರೇಜಿಗೆ ಹೋಗುತ್ತದೆ.