ಬಿಚ್ಚಿ ಜೋಡಿಸುವ ಮಂಚ: ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿಗಳು

ಚಿಕ್ಕಬಳ್ಳಾಪುರ: ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚಿಕ್ಕಬಳ್ಳಾಪುರದಲ್ಲಿಯೂ, ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಪಟ್ಟಣಗಳಲ್ಲಿಯೂ ಬಾಡಿಗೆ ಮನೆಯಲ್ಲಿರುವ ನೌಕರರು, ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ ವರ್ಗಾವಣೆಯಾದಂತೆಲ್ಲ ಮನೆ ಬದಲಿಸುವುದು ವಾಡಿಕೆ. ಹಾಗೆ ಸಾಮಾನು ಸಾಗಿಸುವ ದಿನ ಹೆಚ್ಚು ಕಾಟ ಕೊಡುವ ವಸ್ತು ಮಂಚ. ಮಹಡಿಯ ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ, ಎರಡೂವರೆ ಅಡಿ ಅಗಲದ ಬಾಗಿಲಿನಲ್ಲಿ ಇಡಿಯ ಮಂಚ ಹಾಯುವುದಿಲ್ಲ. ಆದ್ದರಿಂದಲೇ ಬಿಡಿಭಾಗಗಳಾಗಿ ಬಂದು ಮನೆಯಲ್ಲಿಯೇ ಜೋಡಣೆಗೊಳ್ಳುವ ಮಂಚಗಳತ್ತ ಗ್ರಾಹಕರ ಒಲವು. ಆದರೆ ಮೊದಲ ಬಾರಿ ಸುಲಭವಾಗಿ ಜೋಡಣೆಯಾಗುವ ಮಂಚವೆಲ್ಲ ಮೂರನೆಯ ಬಾರಿಯೂ ಗಟ್ಟಿಯಾಗಿ ನಿಲ್ಲುತ್ತದೆಂಬ ಭರವಸೆ ಇಲ್ಲ. ಕೊಳ್ಳುವ ಮುನ್ನ ಪರೀಕ್ಷಿಸಬೇಕಾದದ್ದು ಮುಖ್ಯವಾಗಿ ಇದನ್ನೇ.

ಬಿಚ್ಚುವ ಮಂಚ ನಮ್ಮವರಿಗೆ ಹೊಸದೇನಲ್ಲ. ಪಟ್ಟಿಗಳ ತುದಿಯನ್ನು ಕಾಲಿನ ರಂಧ್ರಕ್ಕೆ ತೂರಿಸಿ, ನಡುವೆ ನವಾರು ಹೆಣೆದ ಹಳೆಯ ಮಂಚವೂ ಬಿಚ್ಚಿದರೆ ಒಂದು ಹೊರೆಯಷ್ಟೇ ಆಗುತ್ತಿತ್ತು. ಸ್ವೀಡನ್ನಿನ ಐಕಿಯಾ ಸಂಸ್ಥೆ 1950ರ ದಶಕದಲ್ಲಿ ಇದೇ ತತ್ವವನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಿ ವ್ಯಾಪಾರವಾಗಿಸಿತು. ಆ ಸಂಸ್ಥೆಯ ಮಳಿಗೆ ಬೆಂಗಳೂರಿನ ನಾಗಸಂದ್ರದಲ್ಲಿ ಆರಂಭವಾದದ್ದು 2022ರ ಜೂನ್‌ನಲ್ಲಿ. ಇಂದು ಸ್ಥಳೀಯ ಫರ್ನಿಚರ್ ಅಂಗಡಿಗಳಲ್ಲಿಯೂ, ಆನ್‌ಲೈನ್ ಮಾರಾಟದಲ್ಲಿಯೂ ಇಂಥ ಮಂಚಗಳು ದೊರೆಯುತ್ತವೆ.

ಮೂಲೆಯ ಜೋಡಣೆ

ಮಂಚದ ಆಯುಷ್ಯವನ್ನು ನಿರ್ಧರಿಸುವುದು ತಲೆಭಾಗದ ಹಲಗೆಗೂ ಪಕ್ಕದ ಪಟ್ಟಿಗೂ ನಡುವಿನ ಸಂದು. ಪಾರ್ಟಿಕಲ್ ಬೋರ್ಡ್‌ಗೆ ನೇರವಾಗಿ ತಿರುಗಿಸಿದ ಸ್ಕ್ರೂ ಒಂದೆರಡು ಬಾರಿ ಬಿಚ್ಚಿದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ರಂಧ್ರದ ಸುತ್ತಲಿನ ಮರದ ಪುಡಿ ಉದುರಿ, ಸ್ಕ್ರೂ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದಿಲ್ಲ. ಪುಸ್ತಕದ ಕಪಾಟಿಗೆ ಸಾಕಾಗುವ ಕ್ಯಾಮ್ ಲಾಕ್ ಇಬ್ಬರು ಮಲಗುವ ಮಂಚದ ಪಟ್ಟಿಗೆ ಸಾಲದು. ಬೋಲ್ಟು ಮರದೊಳಗೆ ಕೂರಿಸಿದ ಲೋಹದ ನಟ್ಟಿಗೆ ಹೋಗಿ ಸೇರುವ ವ್ಯವಸ್ಥೆ ಇದ್ದರೆ ಎಷ್ಟು ಸಲ ಬಿಚ್ಚಿದರೂ ಮರಕ್ಕೆ ಪೆಟ್ಟಿಲ್ಲ. ನಮ್ಮ ಬಡಗಿಗಳು ಬಹುಕಾಲದಿಂದ ಬಳಸುತ್ತಿರುವ ಕಬ್ಬಿಣದ ಕೊಂಡಿಪಟ್ಟಿಯೂ ಉತ್ತಮವೇ. ಪಟ್ಟಿಯ ಕೊಂಡಿ ತಲೆಹಲಗೆಯ ಸೀಳಿನಲ್ಲಿ ಇಳಿದು ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ. ಆದರೆ ಆ ಕೊಂಡಿಯನ್ನು ಗಟ್ಟಿ ಮರಕ್ಕೆ ಉದ್ದನೆಯ ಸ್ಕ್ರೂಗಳಿಂದ ಕೂರಿಸಿರಬೇಕು.

ಅಂಗಡಿಯಲ್ಲಿ ಸಂಕೋಚ ಬೇಡ. ತಲೆಹಲಗೆಯನ್ನು ಹಿಡಿದು ಅಡ್ಡಕ್ಕೆ ಅಲುಗಿಸಿ ನೋಡಿ. ಮೂಲೆಯ ಅಂಚಿನಲ್ಲಿ ಕುಳಿತು ಎದ್ದು, ಕಿರುಗುಟ್ಟುವ ಸದ್ದು ಕೇಳುತ್ತದೆಯೇ ಗಮನಿಸಿ. ಒಂದು ಮೂಲೆಯನ್ನು ಬಿಚ್ಚಿ ಮತ್ತೆ ಜೋಡಿಸಿ ತೋರಿಸುವಂತೆ ಕೇಳಿ. ಹಿಂಜರಿಯುವ ಅಂಗಡಿಯಿಂದ ಹಿಂದಿರುಗುವುದೇ ಲೇಸು.

ಐದು ಅಡಿ ಅಥವಾ ಅದಕ್ಕಿಂತ ಅಗಲದ ಮಂಚಕ್ಕೆ ನಡುವೆ ಉದ್ದನೆಯ ತೊಲೆ, ಅದಕ್ಕೊಂದು ನೆಲ ಮುಟ್ಟುವ ಕಾಲು ಇರಲೇಬೇಕು. ಇಲ್ಲದಿದ್ದರೆ ಅಡ್ಡಪಟ್ಟಿಗಳು ಕ್ರಮೇಣ ಬಾಗುತ್ತವೆ. ಅಡ್ಡಪಟ್ಟಿಗಳ ನಡುವಿನ ಅಂತರ ಮೂರು ಅಂಗುಲ ಮೀರಬಾರದು. ಹತ್ತಿಯ ಹಾಸಿಗೆ ಬಳಸುವವರು ಪಟ್ಟಿಗಳ ಮೇಲೆ ಪ್ಲೈವುಡ್ ಹಲಗೆ ಹಾಕಿಸಬೇಕು. ಹತ್ತಿ ಸಂದುಗಳಲ್ಲಿ ಇಳಿದು ಗಂಟುಕಟ್ಟುತ್ತದೆ. ಹಲಗೆಗೆ ಗಾಳಿಯಾಡಲು ಅಲ್ಲಲ್ಲಿ ರಂಧ್ರ ಕೊರೆಸುವುದನ್ನು ಮರೆಯಬಾರದು.

ಹಬೆ, ಗೆದ್ದಲು ಮತ್ತು ರೇಷ್ಮೆಹುಳು

ಸಾಮಗ್ರಿಯ ಆಯ್ಕೆಯಲ್ಲಿ ಊರಿನ ಕಸುಬನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶಿಡ್ಲಘಟ್ಟದಲ್ಲಿ ಮನೆಗೆ ಹೊಂದಿಕೊಂಡೇ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುವವರಿದ್ದಾರೆ. ಗೂಡು ಬೇಯಿಸುವ ಹಬೆ ಸುಳಿದಾಡುವ ಮನೆಯಲ್ಲಿ ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಅಂಚುಗಳಿಂದ ತೇವ ಹೀರಿ ಊದಿಕೊಳ್ಳುತ್ತವೆ. ಒಮ್ಮೆ ಊದಿದ ಹಲಗೆ ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಅಂಥ ಮನೆಗಳಿಗೆ ಗಟ್ಟಿ ಮರ ಅಥವಾ ಪೌಡರ್ ಲೇಪನದ ಉಕ್ಕಿನ ಮಂಚ ಸೂಕ್ತ. ಉಕ್ಕಿನ ಕೊಳವೆಯ ಕಾಲುಗಳಿಗೆ ತಳದಲ್ಲಿ ರಬ್ಬರ್ ಬುಷ್ ಇರಬೇಕು. ನೆಲ ಒರೆಸುವ ನೀರು ಕೊಳವೆಯೊಳಗೆ ನಿಂತರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಗೆದ್ದಲಿನ ವಿಷಯದಲ್ಲಿ ಹುಳು ಸಾಕುವ ಕುಟುಂಬಗಳು ವಿಶೇಷ ಎಚ್ಚರ ವಹಿಸಬೇಕು. ಕೀಟನಾಶಕದ ಅಲ್ಪ ಅಂಶವೂ ರೇಷ್ಮೆಹುಳುವಿಗೆ ಮಾರಕ. ಮಂಚಕ್ಕೆ ಗೆದ್ದಲು ಹಿಡಿದ ಮೇಲೆ ಮನೆಯೊಳಗೆ ಔಷಧಿ ಸಿಂಪಡಿಸಿ, ಪಕ್ಕದ ಕೋಣೆಯ ಬೆಳೆ ಕಳೆದುಕೊಂಡರೆ ನಷ್ಟ ಮಂಚದ ಬೆಲೆಯನ್ನೂ ಮೀರುತ್ತದೆ. ಮರಕ್ಕೆ ಮಾಡಿಸಬೇಕಾದ ಉಪಚಾರವನ್ನು ಮನೆಯಿಂದ ಹೊರಗೆ, ತರುವ ಮೊದಲೇ ಮುಗಿಸಿಕೊಳ್ಳಬೇಕು. ಇಲ್ಲವೇ ಕಬ್ಬಿಣದ ಮಂಚವನ್ನೇ ಆರಿಸಿಕೊಳ್ಳಬೇಕು.

ಮರಗಳಲ್ಲಿ ತೇಗ ಉತ್ತಮ, ಬೆಲೆಯೂ ಹೆಚ್ಚು. ಹಲಸಿನ ಮರ ಬಾಳಿಕೆ ಬರುವಂಥದು. ಹಳದಿ ಬಣ್ಣ ಕಾಲಕ್ರಮದಲ್ಲಿ ಕಂದಾಗಿ ಅಂದ ಹೆಚ್ಚುತ್ತದೆ. ಮಾವು ಮತ್ತು ರಬ್ಬರ್ ಮರಗಳಿಗೆ ಹುಳು ಬೇಗ ಹಿಡಿಯುವುದರಿಂದ ಉಪಚರಿಸಿದ ಮರವೇ ಆಗಿರಬೇಕು. ಹೊಲದ ಬದುಗಳ ಸಿಲ್ವರ್ ಓಕ್ ಹಗುರ, ಅಗ್ಗ; ಚೆನ್ನಾಗಿ ಒಣಗಿಸಿದ್ದರೆ ಮಾತ್ರ ಸರಿ. ನೀಲಗಿರಿ ಸೀಳುವ, ತಿರುಚುವ ಮರವಾದ್ದರಿಂದ ಮಂಚಕ್ಕೆ ಒಗ್ಗದು. ಹಸಿ ಮರದ ಮಂಚ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಕುಗ್ಗಿ, ಸಂದುಗಳು ಸಡಿಲವಾಗುತ್ತವೆ.

ಅಳತೆ ಮತ್ತು ಅಂದ

ಸಿದ್ಧ ಹಾಸಿಗೆಗಳಲ್ಲಿ ಕ್ವೀನ್ ಎಂದರೆ ಸಾಮಾನ್ಯವಾಗಿ 60 ಅಂಗುಲ ಅಗಲ, 78 ಅಂಗುಲ ಉದ್ದ. ಕಿಂಗ್ ಎಂದರೆ 72 ಅಂಗುಲಕ್ಕೆ 78. ಬಡಗಿಯಿಂದ ಮಾಡಿಸುವವರು ಮೊದಲು ಹಾಸಿಗೆಯ ಅಳತೆ ಗೊತ್ತುಮಾಡಿ, ಮಂಚದ ಒಳ ಅಳತೆಯನ್ನು ಅದಕ್ಕೆ ಹೊಂದಿಸಬೇಕು. ಹತ್ತು ಅಡಿ ಚದರದ ಕೋಣೆಯಲ್ಲಿ ಆರು ಅಡಿಯ ಮಂಚ ಇಟ್ಟರೆ ಇಕ್ಕೆಲಗಳಲ್ಲಿ ಉಳಿಯುವುದು ಎರಡೆರಡು ಅಡಿ. ಅಲ್ಲಿಯೇ ಬೀರು ಇದ್ದರೆ ಅದರ ಬಾಗಿಲು ತೆರೆಯುವುದೂ ಕಷ್ಟ. ಐದು ಅಡಿಯ ಮಂಚವೇ ಮೇಲು. ಮದುವೆಗೆಂದು ಮಂಚ ಕೊಡಿಸುವವರು ಅದು ಹೋಗಿ ಸೇರುವ ಮನೆಯ ಕೋಣೆಯನ್ನು ಅಳೆಯುವುದು ಅಪರೂಪ. ತಲೆದಿಂಬಿನ ದಿಕ್ಕನ್ನು ಪಾಲಿಸುವವರು ಬಾಗಿಲು, ಕಿಟಕಿಗಳ ಸ್ಥಾನವನ್ನೂ ಒಮ್ಮೆ ನೋಡಿಕೊಳ್ಳಲಿ.

ನೆಲಕ್ಕೆ ತಗ್ಗಾದ ಮಂಚಗಳು ಕಣ್ಣಿಗೆ ಚೆಲುವಾಗಿ ಕಂಡರೂ ಮಂಡಿನೋವಿನ ಹಿರಿಯರಿಗೆ ಎದ್ದು ಕೂರಲು ತ್ರಾಸ. ಹಾಸಿಗೆಯೂ ಸೇರಿ ಸುಮಾರು 18ರಿಂದ 20 ಅಂಗುಲ ಎತ್ತರ ಹೆಚ್ಚಿನವರಿಗೆ ಅನುಕೂಲ. ಬಟ್ಟೆ ಹೊದಿಸಿದ ತಲೆಹಲಗೆ ಧೂಳು ಹಿಡಿಯುತ್ತದೆ. ಹೊದಿಕೆ ತೆಗೆದು ಒಗೆಯುವಂತಿರಲಿ. ಕೆಳಗೆ ಪೆಟ್ಟಿಗೆಯಿರುವ ಮಂಚ ಸಣ್ಣ ಮನೆಗೆ ಉಪಕಾರಿ. ಆದರೆ ಅದು ಭಾರ, ಬಿಚ್ಚಲು ಹೆಚ್ಚು ಹೊತ್ತು. ಪದೇ ಪದೇ ಮನೆ ಬದಲಿಸುವವರಿಗೆ ಅದನ್ನು ಶಿಫಾರಸು ಮಾಡಲಾಗದು.

ಆನ್‌ಲೈನ್‌ನಲ್ಲಿ ಕೊಳ್ಳುವವರು ತಮ್ಮ ಪಿನ್‌ಕೋಡ್‌ಗೆ ಜೋಡಣೆಯ ಸೇವೆ ಇದೆಯೇ, ಅದಕ್ಕೆ ಪ್ರತ್ಯೇಕ ಶುಲ್ಕವೇ ಎಂದು ವಿಚಾರಿಸಬೇಕು. ಪೆಟ್ಟಿಗೆ ತೆರೆದ ಕೂಡಲೇ ನಟ್ಟು, ಬೋಲ್ಟು, ವಾಷರ್‌ಗಳನ್ನು ಪಟ್ಟಿಯೊಂದಿಗೆ ಎಣಿಸಿಕೊಳ್ಳಬೇಕು. ತೇವ ಮತ್ತು ಗೆದ್ದಲಿನ ಹಾನಿಯನ್ನು ವಾರಂಟಿ ಒಳಗೊಂಡಿದೆಯೇ ಎಂದು ಓದಿಕೊಳ್ಳಬೇಕು. ಬಿಲ್ ಪಡೆಯದೆ ಬರಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಎಲ್ಲಿಯೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ನಾಲ್ಕು ಮೂಲೆಗಳೂ ನೇರವಾದ ಬಳಿಕವೇ ಬಿಗಿಗೊಳಿಸಬೇಕು. ತಿಂಗಳ ನಂತರ ಒಮ್ಮೆ, ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿದರೆ ಕಿರುಗುಟ್ಟುವಿಕೆ ಬಹುಪಾಲು ದೂರವಾಗುತ್ತದೆ. ಜೊತೆಗೆ ಬಂದ ಅಲೆನ್ ಕೀ, ಉಳಿದ ವಾಷರ್‌ಗಳು ಮತ್ತು ಸೂಚನಾ ಹಾಳೆಯನ್ನು ಒಂದು ಚೀಲಕ್ಕೆ ಹಾಕಿ ಮಂಚದ ಅಡ್ಡಪಟ್ಟಿಗೇ ಕಟ್ಟಿಡಬಹುದು.